ಕುಕ್ಕರ್ ಕೂಗಿದರೆ ತಮ್ಮ ಕಿವಿ ಮುಚ್ಚಿಕೊಳ್ಳುತ್ತಾನೆ: ಬಾಲ್ಯದ ಹೊಡೆತ ಕಾರಣವೇ?

ಸ್ಕಿಜೋಫ್ರೀನಿಯಾ (ಇಲ್ಲದ ದನಿಗಳು ಕೇಳಿಸುವಂಥ ಮಾನಸಿಕ ಕಾಯಿಲೆ) ಇರುವ ತಮ್ಮ ಕುಕ್ಕರ್ ಕೂಗಿಗೂ ಬಿಎಂಟಿಸಿ ಹಾರ್ನಿಗೂ ಬೆಚ್ಚಿಬೀಳುತ್ತಾನೆ, ಅಪ್ಪ ಹೊಡೆದದ್ದೇ ಕಾರಣವೇ ಎಂದು ಕೇಳಿದ್ದೀರಿ. ಅದೊಂದೇ ಅಲ್ಲ. ಬಾಲ್ಯದ ಹಿಂಸೆ ಈ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ, ನಿಜ. ಆದರೆ ವಂಶವಾಹಿಗಳ ಪಾಲು ದೊಡ್ಡದು. ಅಪ್ಪನ ವಿಚಾರಣೆ ಈಗ ಬೇಡ.

ಶಬ್ದದ ವಿಷಯಕ್ಕೆ ಬನ್ನಿ. ಅರ್ಧ ಸೆಕೆಂಡ್ ಅಂತರದಲ್ಲಿ ಎರಡು ಕ್ಲಿಕ್ ಕೇಳಿಸಿದರೆ ಸಾಮಾನ್ಯವಾಗಿ ಮಿದುಳು ಎರಡನೆಯದಕ್ಕೆ ಕಡಿಮೆ ಸ್ಪಂದಿಸುತ್ತದೆ. ಈ ಕಾಯಿಲೆ ಇರುವ ಅನೇಕರಲ್ಲಿ ಅದು ಅಷ್ಟು ತಗ್ಗುವುದಿಲ್ಲ. ಫ್ಯಾನು, ಮಿಕ್ಸಿ, ಪಕ್ಕದ ಮನೆ ಟೀವಿ ಎಲ್ಲ ಒಟ್ಟಿಗೇ ನುಗ್ಗಿದಂತಾಗಬಹುದು. ಪೆಟ್ಟು ತಿಂದು ಬೆಳೆದವರಿಗೆ ದಿಢೀರ್ ಸದ್ದು ಅಪಾಯದ ಸುಳಿವಿನಂತೆಯೂ ಕೇಳಿಸುತ್ತದೆ.

ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಹೊತ್ತು, ಯಾವ ಸದ್ದು, ಹಿಂದಿನ ರಾತ್ರಿಯ ನಿದ್ದೆ, ಮಾತ್ರೆ ತೆಗೆದುಕೊಂಡ ಸಮಯ. ಕುಕ್ಕರ್ ಇಡುವ ಮೊದಲು ಹೇಳಿ, ಅಡುಗೆಮನೆ ಬಾಗಿಲು ಹಾಕಿ. ಹಿಂದಿನಿಂದ ಮುಟ್ಟಬೇಡಿ, ಎದುರಿಗೆ ಬಂದು ಹೆಸರು ಕರೆಯಿರಿ. ಇಯರ್‌ಪ್ಲಗ್ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಸರಿ, ದಿನವಿಡೀ ಬೇಡ: ಕಿವಿ ಇನ್ನಷ್ಟು ಸೂಕ್ಷ್ಮವಾಗುತ್ತದೆ, ಪೂರ್ತಿ ನಿಶ್ಶಬ್ದದಲ್ಲಿ ಕೆಲವರಿಗೆ ಒಳಗಿನ ದನಿಗಳೇ ಜೋರಾಗುತ್ತವೆ. ಸಣ್ಣಗೆ ಹಾಡು ಹಾಕುವುದು ವಾಸಿ.

ಕೂತಲ್ಲಿ ಕೂರಲಾಗದೆ ಕಾಲು ಆಡಿಸುತ್ತಾ ಓಡಾಡಿದರೆ ಅದು ಶಬ್ದದ ಕಾಟವಲ್ಲದೆ ಔಷಧದ ಅಡ್ಡಪರಿಣಾಮವೂ ಇರಬಹುದು. ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಹಳೆಯ ಪೆಟ್ಟನ್ನು ಮನೆಯಲ್ಲಿ ಕೆದಕಬೇಡಿ. ಹಳೆಯ ಹಿಂಸೆಯಿಂದಾದ ಮಾನಸಿಕ ಆಘಾತಕ್ಕೆ (ಟ್ರಾಮಾ) ಚಿಕಿತ್ಸೆ ಕೊಡುವ ತರಬೇತಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬಗ್ಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೆ 'ಸತ್ತುಹೋಗು' ಎಂದು ದನಿ ಹೇಳುತ್ತಿದೆ ಅಂತ ತಮ್ಮ ಹೇಳಿದರೆ ಫೋನಿಗೆ ಕಾಯದೆ ನೇರ ಎಮರ್ಜೆನ್ಸಿಗೆ ಕರೆದೊಯ್ಯಿರಿ.