ಕೇಳಿ, ಹೇಳುತ್ತೇವೆ: 950 ಡಿಗ್ರಿಗೇ ಕರಗಿದ ಬಿಲ್ಲೆ

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ವೈಬಿಸಿಒ (ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡ್) ಸೂಪರ್‌ಕಂಡಕ್ಟರ್ ಬಿಲ್ಲೆ ಮಾಡಿದೆವು. ಅದು ಕರಗುವುದು ಸುಮಾರು 1010 ಡಿಗ್ರಿ ಸೆಲ್ಸಿಯಸ್‌ಗೆ ಎಂದು ಓದಿದ್ದೇವೆ. ನಾವು ಇಟ್ಟದ್ದು 950ಕ್ಕೆ. ಆದರೂ ತಳ ಕರಗಿ ಅಲ್ಯೂಮಿನಾ ಮೂಸೆಗೆ ಕಚ್ಚಿಕೊಂಡಿದೆ, ಅಂಚು ಹಸಿರಾಗಿದೆ. ಯಾಕೆ?

ಉತ್ತರ: ಆ ಅಂಕಿ ಶುದ್ಧ 123ಕ್ಕೆ, ಅಂದರೆ ವೈಬಿಸಿಒಗೆ (ಪರಮಾಣುಗಳ ಲೆಕ್ಕದಲ್ಲಿ ಇಟ್ರಿಯಂ 1, ಬೇರಿಯಂ 2, ತಾಮ್ರ 3), ಅದೂ ಗಾಳಿಯಲ್ಲಿ. ಅಲ್ಲಿಯೂ 123 ಮಂಜುಗಡ್ಡೆಯಂತೆ ಇಡಿಯಾಗಿ ಕರಗುವುದಿಲ್ಲ, ಒಡೆಯುತ್ತದೆ: ಹಸಿರು 211 (ಇಟ್ರಿಯಂ 2, ಬೇರಿಯಂ 1, ತಾಮ್ರ 1) ಘನವಾಗಿಯೇ ಉಳಿಯುತ್ತದೆ, ಬೇರಿಯಂ-ತಾಮ್ರ ತುಂಬಿದ ದ್ರವ ಬೇರೆಯಾಗುತ್ತದೆ.

ನಿಮ್ಮಲ್ಲಿ ದ್ರವ ಮೊದಲೇ ಹುಟ್ಟಿದೆ. ನಮ್ಮ ಅನುಮಾನ ಅರೆಬೆಂದ ಪುಡಿಯ ಮೇಲೆ. ಬೇರಿಯಂ ಕಾರ್ಬೊನೇಟ್ ಹಟಮಾರಿ, ಬೇಗ ಒಡೆಯುವುದಿಲ್ಲ. ಪ್ರತಿಕ್ರಿಯೆ ಅರ್ಧಕ್ಕೆ ನಿಂತರೆ ಬೇರಿಯಂ ಕುಪ್ರೇಟ್ (ಬೇರಿಯಂ-ತಾಮ್ರದ ಆಕ್ಸೈಡ್), ಕಾಪರ್ ಆಕ್ಸೈಡ್ ಎರಡೂ ಅಕ್ಕಪಕ್ಕ ಉಳಿಯುತ್ತವೆ. ಈ ಜೋಡಿ ಸುಮಾರು 900 ಡಿಗ್ರಿಗೇ ದ್ರವವಾಗಿ ಅಲ್ಯೂಮಿನಾವನ್ನು ತಿನ್ನುತ್ತದೆ. ಬೇರಿಯಂ ಮೂಸೆಯ ಪಾಲಾದ ಕಡೆ ಉಳಿಯುವುದು ಹಸಿರು.

10 ಗ್ರಾಂ ವೈಬಿಸಿಒಗೆ ಇಟ್ರಿಯಂ ಆಕ್ಸೈಡ್ 1.695 ಗ್ರಾಂ, ಬೇರಿಯಂ ಕಾರ್ಬೊನೇಟ್ 5.924 ಗ್ರಾಂ, ಕಪ್ಪು ಕಾಪರ್ ಆಕ್ಸೈಡ್ 3.582 ಗ್ರಾಂ. ತೂಗುವ ಮೊದಲು ಪುಡಿಗಳನ್ನು ಒಣಗಿಸಿ. ಕಾರ್ಬೊನೇಟ್ ವಿಷ, ಮಾಸ್ಕ್ ಮತ್ತು ಗ್ಲೌಸ್ ಬಿಡಬೇಡಿ. ಚೆನ್ನಾಗಿ ಅರೆದು 900ರಿಂದ 920 ಡಿಗ್ರಿಯಲ್ಲಿ ಹನ್ನೆರಡು ಗಂಟೆ ಬೇಯಿಸಿ, ಮತ್ತೆ ಅರೆದು ಮತ್ತೆ ಬೇಯಿಸಿ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇ ಹಾಯಿಸಿ ಯಾವ ಹರಳುಗಳಿವೆ ಎಂದು ನೋಡುವ ಪರೀಕ್ಷೆ) ಕಾರ್ಬೊನೇಟಿನ ಗೆರೆ ಮಾಯವಾಗುವವರೆಗೂ ಬಿಲ್ಲೆ ಒತ್ತುವ ಮಾತೇ ಬೇಡ. ಸಿಂಟರ್ ಮಾಡುವಾಗ (ಒತ್ತಿದ ಬಿಲ್ಲೆಯನ್ನು ಕರಗಿಸದೆ ಕಾಯಿಸಿ ಗಟ್ಟಿಮಾಡುವಾಗ) ಬಿಲ್ಲೆ ನೇರ ಅಲ್ಯೂಮಿನಾ ಮೇಲೆ ಕೂರದಿರಲಿ, ಕೆಳಗೆ ಅದೇ ವೈಬಿಸಿಒ ಪುಡಿ ಹಾಸಿ.

ಫರ್ನೇಸಿನ ಮೀಟರನ್ನೂ ನಂಬಬೇಡಿ. ಥರ್ಮೋಕಪಲ್ (ತಾಪ ಅಳೆಯುವ ತಂತಿ) ಬಿಲ್ಲೆಯಿಂದ ದೂರವಿದ್ದರೆ ಹತ್ತಿಪ್ಪತ್ತು ಡಿಗ್ರಿ ತಪ್ಪುವುದು ಮಾಮೂಲು. ಖಾಲಿ ಫರ್ನೇಸಿನಲ್ಲಿ, ಬಿಲ್ಲೆ ಇಡುವ ಜಾಗದಲ್ಲೇ ಬೆಳ್ಳಿ ತಂತಿಯ ಚೂರಿಟ್ಟು ನೋಡಿ. ಬೆಳ್ಳಿ 962ಕ್ಕೆ ಕರಗುತ್ತದೆ ಎನ್ನುವುದು ಪುಸ್ತಕದ ಲೆಕ್ಕ. ಗಾಳಿಯಲ್ಲಿ ಆಮ್ಲಜನಕ ಹೀರಿಕೊಂಡು ಸುಮಾರು 950ಕ್ಕೇ ಗುಂಡಗಾಗುತ್ತದೆ.

ಪ್ರಶ್ನೆ: ನಮ್ಮ ಬಿಲ್ಲೆ ಕಪ್ಪಗೆ ಗಟ್ಟಿಯಾಗಿದೆ, ಎಕ್ಸ್‌ಆರ್‌ಡಿಯಲ್ಲೂ ಹಸಿರು ಫೇಸ್ ಇಲ್ಲ. ದ್ರವ ಸಾರಜನಕದಲ್ಲಿಟ್ಟರೆ ಮ್ಯಾಗ್ನೆಟ್ ಮಾತ್ರ ತೇಲುವುದಿಲ್ಲ.

ಉತ್ತರ: ಆಮ್ಲಜನಕ ಸಾಲದು. 950 ಡಿಗ್ರಿಯಲ್ಲಿ ಹರಳು ಟೆಟ್ರಾಗೊನಲ್ (ಚೌಕ ತಳದ್ದು) ಆಗಿರುತ್ತದೆ, ಒಂದು ಇಟ್ರಿಯಂಗೆ ಆಮ್ಲಜನಕ 7ಕ್ಕಿಂತ ಬಹಳ ಕಡಿಮೆ. ತಣಿಯುತ್ತಾ ಆಮ್ಲಜನಕ ಹೀರಿ ಆರ್ಥೊರಾಂಬಿಕ್ (ಆಯತ ತಳದ್ದು) ಆದರೆ ಮಾತ್ರ 92 ಕೆಲ್ವಿನ್ ಟಿಸಿ (ಸೂಪರ್‌ಕಂಡಕ್ಟರ್ ಆಗುವ ತಾಪ) ಸಿಗುತ್ತದೆ. ಬೇಗ ಹೊರತೆಗೆದರೆ ಆಮ್ಲಜನಕದ ಪಾಲು 6.6ರ ಆಸುಪಾಸಿಗೇ ನಿಂತು ಟಿಸಿ 60 ಕೆಲ್ವಿನ್‌ಗೆ ಇಳಿಯಬಹುದು. ದ್ರವ ಸಾರಜನಕ ಇರುವುದು 77 ಕೆಲ್ವಿನ್‌ನಲ್ಲಿ, ಅಲ್ಲಿ ಅಂಥ ಬಿಲ್ಲೆ ಸೂಪರ್‌ಕಂಡಕ್ಟರ್ ಆಗುವುದಿಲ್ಲ. ಹೊಸ ಬಿಲ್ಲೆ ಬೇಕಿಲ್ಲ. ಇದನ್ನೇ ಹರಿಯುವ ಆಮ್ಲಜನಕದಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸಿ, 450ರಲ್ಲಿ ಇಪ್ಪತ್ತನಾಲ್ಕು ಗಂಟೆ ಬಿಡಿ. ಬಿಲ್ಲೆ ದಟ್ಟವಾದಷ್ಟೂ ಹೆಚ್ಚು ಹೊತ್ತು ಬೇಕು.

ಪ್ರಶ್ನೆ: ಕರಗಿ ಹಸಿರಾದದ್ದನ್ನು ನಿಧಾನವಾಗಿ ತಣಿಸಿದರೆ ಮತ್ತೆ 123 ಆಗುವುದೇ?

ಉತ್ತರ: ದ್ರವ ಸೋರಿ ಹೋಗಿರದಿದ್ದರೆ ಆಗುತ್ತದೆ. ಆದರೆ ಆ ದ್ರವದಲ್ಲಿ ಇಟ್ರಿಯಂ ಕರಗುವುದೇ ತೀರಾ ಕಡಿಮೆ, ಹಾಗಾಗಿ ಬೆಳವಣಿಗೆ ಆಮೆವೇಗ. ದೊಡ್ಡ ಹರಳು ಬೆಳೆಸುವವರು 1040ರ ಮೇಲೆ ಕರಗಿಸಿ, ಮೇಲೆ ಹೆಚ್ಚು ತಾಪಕ್ಕೆ ಕರಗುವ ಸಮೇರಿಯಂ ಅಥವಾ ನಿಯೋಡಿಮಿಯಂ 123ರ (ಇಟ್ರಿಯಂ ಬದಲು ಆ ಲೋಹವಿರುವ) ಚಿಕ್ಕ ಹರಳನ್ನು ಬೀಜವಾಗಿ ಇಟ್ಟು, 1010ರ ಸುತ್ತ ಗಂಟೆಗೆ ಒಂದು ಡಿಗ್ರಿಗಿಂತಲೂ ನಿಧಾನವಾಗಿ ಇಳಿಸುವುದುಂಟು.