‘ಬಂದು ಒಯ್ಯಬೇಕು’ ಅಂತ ಹಾಕಿದ್ದರೂ ಕೊರಿಯರ್ ಕೇಳ್ತಿದ್ದಾರೆ: ಪ್ರತಿಕ್ರಿಯೆ

ಬ್ರಿಟನ್ನಿನ ಆನ್‌ಲೈನ್ ಮಾರಾಟ ತಾಣ ಇಬೇ ಯುಕೆಯಲ್ಲಿ ಊಟದ ಮೇಜನ್ನು ‘ಕಲೆಕ್ಷನ್ ಓನ್ಲಿ’ ಎಂದೇ ಹರಾಜಿಗೆ ಹಾಕಿದ್ದೀರಿ. ಗೆದ್ದವರು ಹಣ ಕಟ್ಟಿದ ಮೇಲೆ ‘ಕೊರಿಯರ್ ಮಾಡಿ’ ಅಂತಿದ್ದಾರೆ, ಒಪ್ಪಲೇಬೇಕಾ ಎಂದು ಕೇಳಿದ್ದೀರಿ. ಬೇಕಿಲ್ಲ. ಷರತ್ತು ನೋಡಿಯೇ ಅವರು ಬಿಡ್ ಮಾಡಿದ್ದು, ಅಲ್ವಾ?

‘ನಾನೇ ಕೊರಿಯರ್‌ನವರನ್ನು ಕಳಿಸ್ತೀನಿ’ ಅಂದರೆ ಮಾತ್ರ ಹುಷಾರಾಗಿರಿ. ಮನೆಗೆ ಬಂದು ಒಯ್ಯುವ ವಸ್ತುವಿಗೆ ಇಬೇ ಕೊಂಡವರಿಗೆ ಒಂದು ಕ್ಯೂಆರ್ ಕೋಡ್, ಜೊತೆಗೆ 6 ಅಂಕಿಯ ಕೋಡ್ ಕೊಡುತ್ತದೆ. ವಸ್ತು ಕೊಡುವಾಗ ನೀವು ನಿಮ್ಮ ಇಬೇ ಆ್ಯಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಬೇಕು, ಇಲ್ಲವೇ ಆ 6 ಅಂಕಿ ಒತ್ತಬೇಕು. ನಾಳೆ ‘ಮೇಜು ಬಂದೇ ಇಲ್ಲ’ ಅಂದರೆ ನಿಮ್ಮ ಕೈಲಿರುವ ಸಾಕ್ಷಿ ಅದೇ. ಹಾಗಾಗಿ ಕೊರಿಯರ್‌ನವರು ಕೋಡ್ ಇಲ್ಲದೆ ಬಂದರೆ ಕೊಡಬೇಡಿ. ನಾನು ಸೈಕಲ್ ಮಾರಿದಾಗ ಕೊಂಡವರ ಭಾವಮೈದ ಕೋಡ್ ಇಲ್ಲದೆ ಬಂದು ನಿಂತಿದ್ದರು. ಫೋನ್ ಮಾಡಿಸಿ ಕೋಡ್ ತರಿಸಿಕೊಂಡೇ ಕೊಟ್ಟೆ. ಮುಖ ಸ್ವಲ್ಪ ಸಿಂಡರಿಸಿದರು, ಇರಲಿ.

ಅವರಿಗೆ ಬರಲು ಆಗುವುದೇ ಇಲ್ಲವಾದರೆ, ರದ್ದು ಮಾಡಿ ಅಂತ ಅವರೇ ಇಬೇ ಮೆಸೇಜ್‌ನಲ್ಲಿ ಬರೆಯಲಿ. ವಾಟ್ಸಾಪ್ ಬೇಡ. ಅಂದಹಾಗೆ, 14 ದಿನದೊಳಗೆ ಮನಸ್ಸು ಬದಲಿಸುವ ಹಕ್ಕು ಅಂತ ಅವರು ಹೇಳಬಹುದು. ಬ್ರಿಟನ್ನಿನ 2013ರ ಆ ಗ್ರಾಹಕ ನಿಯಮ ವ್ಯಾಪಾರಿಗಳಿಂದ ಕೊಂಡದ್ದಕ್ಕೆ, ಮನೆಯ ಹಳೇ ಮೇಜು ಮಾರುವ ನಿಮಗಲ್ಲ.