ಅಳು ಬಂದದ್ದು ಚಂಡೆ ನಿಂತಾಗ ಅಲ್ವಾ?

ಪದ್ಯದ ಮಾತು ಪೂರ್ತಿ ತಿಳಿಯದಿದ್ದರೂ ಯಕ್ಷಗಾನದಲ್ಲಿ ಅಭಿಮನ್ಯು ಸುಭದ್ರೆಯನ್ನು ಬೀಳ್ಕೊಳ್ಳುವಾಗ ಕಣ್ಣೀರು ಯಾಕೆ ಬಂತು ಎಂದು ಕೇಳಿದ್ದೀರಿ. ನನ್ನ ಪ್ರಕಾರ ಅರ್ಧ ಕಾರಣ ಹಿಮ್ಮೇಳದಲ್ಲೇ, ಅಂದರೆ ಹಾಡು ಮತ್ತು ವಾದ್ಯದವರ ತಂಡದಲ್ಲೇ ಇದೆ.

ಅಭಿಮನ್ಯು ಯುದ್ಧಕ್ಕೆ ಹೊರಡುವ ಹುಮ್ಮಸ್ಸಿನಲ್ಲಿ ಕುಣಿಯುವಾಗ ಚಂಡೆ ಜೋರಾಗಿ ಮೊಳಗುತ್ತಿರುತ್ತದೆ. ಕೋಲಿನ ಪೆಟ್ಟಿನ ಆ ಸದ್ದು ನಮ್ಮ ಎದೆಗೇ ತಾಗುತ್ತದೆ. ತಾಯಿ ಎದುರು ಬಂದಾಗ ಚಂಡೆ ಸುಮ್ಮನಾಗುತ್ತದೆ. ಬೆರಳಲ್ಲಿ ನುಡಿಸುವ ಮದ್ದಳೆ ಮಾತ್ರ ಮೆತ್ತಗೆ ಉಳಿಯುತ್ತದೆ. ಭಾಗವತರು ಲಯ ಇಳಿಸಿ, ಒಂದೇ ಸಾಲನ್ನು ಮತ್ತೆ ಮತ್ತೆ ಎಳೆದು ಹಾಡುತ್ತಾರೆ. ಅಷ್ಟು ಹೊತ್ತು ಬಿಗಿಯಾಗಿದ್ದ ನಮ್ಮ ಮೈ ಆಗ ಒಮ್ಮೆಲೇ ಸಡಿಲವಾಗುತ್ತದೆ. ದುಃಖ ಒಳಗೆ ಇಳಿಯುವುದು ಅಲ್ಲೇ.

ಕುಣಿತವನ್ನೂ ಗಮನಿಸಿ. ಈಗಷ್ಟೇ ಹಾರಿ ಧಿಗಿಣ (ಗಿರಕಿ ಹೊಡೆಯುವ ಜಿಗಿತ) ಹೊಡೆದ ಹುಡುಗ ತಾಯಿಯ ಮುಂದೆ ಹೆಚ್ಚು ಅಲುಗಾಡುವುದಿಲ್ಲ. ಒಳ್ಳೆಯ ಸುಭದ್ರೆ ವೇಷಧಾರಿ ಅಳುವುದೂ ಕಡಿಮೆ. ಮಗನ ಭುಜದ ಮೇಲಿಟ್ಟ ಕೈ ತೆಗೆಯಲು ತಡ ಮಾಡುತ್ತಾರೆ, ಅಷ್ಟೇ. ನನಗೆ ಜೋರು ಗೋಳಾಟಕ್ಕಿಂತ ಇದೇ ಜಾಸ್ತಿ ಇಷ್ಟ.

ಕಥೆ ನಮಗೆ ಮೊದಲೇ ಗೊತ್ತಿರುವುದೂ ಒಂದು ಕಾರಣ. ಅವನು ಚಕ್ರವ್ಯೂಹದಿಂದ ವಾಪಸ್ ಬರುವುದಿಲ್ಲ. ಮುಂದಿನ ಸಲ ಹಿಮ್ಮೇಳಕ್ಕೆ ಹತ್ತಿರ ಕೂತು, ಆ ಜಾಗದಲ್ಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ ನೋಡಿ.